ಮೂರನೇ ಡ್ರೈಯರಿನ ದನಿ

ಗುರುವಾರ, ಊಟ ಮುಗಿದ ಮೇಲೆ

ನನ್ನ ಮುದ್ದು ಬಿಲ್ಲೆಗೆ ಅಮ್ಮನ ಮುತ್ತುಗಳು. ಮೊಮ್ಮಗನಿಗೆ ಅದರ ಎರಡರಷ್ಟು. ಅಳಿಯಂದಿರಿಗೆ ಆಶೀರ್ವಾದ ಸಾಕು.

ನಿನ್ನ ಕಾಗದ ಬಂತು. ಓದಿ ಮಡಚಿಟ್ಟೆ, ಮತ್ತೆ ಬಿಚ್ಚಿ ಓದಿದೆ. "ಶನಿವಾರದೊಳಗೆ ಆ ಯಂತ್ರಾನ ಅಂಗಡಿಗೆ ವಾಪಸ್ ಕೊಟ್ಟು ಬಾ. ಈ ವಯಸ್ಸಲ್ಲಿ ಸಿಂಥಸೈಸರ್ ಯಾಕಮ್ಮ ನಿನಗೆ? ಲಾಂಡ್ರಿ ಮಾರಿದ್ದು ವಿಶ್ರಾಂತಿಗೆ" ಎಂದು ಬರೆದಿದ್ದೀಯ. ಮಾರಿಸಿದವಳು ನೀನು, ವಿಶ್ರಾಂತಿ ತೆಗೆದುಕೊಳ್ಳಬೇಕಾದವಳು ನಾನು. ಕೆಲಸ ಚೆನ್ನಾಗಿಯೇ ಹಂಚಿದ್ದೀಯ. ಫೋನ್ ಹೊಡೆದುಕೊಂಡರೆ ಮಗು ಏಳುತ್ತದೆ ಅಂತ ನೀನು ಕಾಗದಕ್ಕೆ ಇಳಿದದ್ದು ನನಗೆ ಒಂದು ಲಾಭ. ಕಾಗದದಲ್ಲಿ ನೀನು ನನ್ನ ಮಾತನ್ನು ನಡುವೆ ಕತ್ತರಿಸಲಾರೆ. ಆದ್ದರಿಂದ ಪೂರ್ತಿ ಓದು, ಆಮೇಲೆ ಬೈ.

ಇದೆಲ್ಲ ಶುರುವಾದದ್ದೇ ನಿನ್ನಿಂದ. ಮಗು ಮಲಗುವುದಿಲ್ಲ, ನೀನೇ ತಟ್ಟೆಯ ಮುಂದೆ ತೂಕಡಿಸಿ ಕೈಯಿಂದ ಚಮಚ ಬೀಳಿಸಿಕೊಂಡೆ ಅಂತ ಬರೆದಿದ್ದೆ. ಮೊಬೈಲಿನಲ್ಲಿ ಮಳೆಯ ಸದ್ದು ಹಾಕಿದರೆ ಕಣ್ಣು ಮುಚ್ಚುತ್ತಾನೆ, ಆದರೆ ಅದು ಮುಗಿದು ಮತ್ತೆ ಶುರುವಾಗುವ ಜಾಗಕ್ಕೆ ಸರಿಯಾಗಿ ಕಣ್ಣು ಬಿಡುತ್ತಾನೆ ಅಂದಿದ್ದೆ. ಓದಿ ನಗು ಬಂತು. ಅವನು ನಿನ್ನ ಮಗನೇ. ನೀನು ಮಲಗುತ್ತಿದ್ದದ್ದು ಎಲ್ಲಿ, ನೆನಪಿದೆಯಾ? ಮೂರನೇ ಡ್ರೈಯರಿಗೆ ಒರಗಿಸಿದ ಬಟ್ಟೆ ಬುಟ್ಟಿಯಲ್ಲಿ. ಬೇರೆ ಯಾವ ಡ್ರೈಯರೂ ನಿನಗೆ ಆಗಿಬರುತ್ತಿರಲಿಲ್ಲ. ಅದೊಂದರ ಗುಂಯ್ ಸದ್ದಿನಲ್ಲಿ ಮಾತ್ರ ಒಂದು ಸುತ್ತಿನಂತೆ ಇನ್ನೊಂದು ಸುತ್ತು ಇರುತ್ತಿರಲಿಲ್ಲ.

ಆ ಡ್ರೈಯರ್ ಈಗ ಗುಜರಿಯಲ್ಲಿದೆ. ಆದರೆ ನಮ್ಮ ಮೇಲ್ಮನೆಯ ಫಿಸಿಯೋಥೆರಪಿಯವರು ಕುತ್ತಿಗೆ ಹಿಡಿದುಕೊಂಡವರನ್ನು ಮಲಗಿಸಿ ಒಂದು ನಿಧಾನದ ಸಂಗೀತ ಹಾಕುತ್ತಾರೆ. ತಾಳವಿಲ್ಲ, ಹಾಡಿಲ್ಲ, ಸುಮ್ಮನೆ ಮಂಜಿನ ಹಾಗೆ ಕೋಣೆ ತುಂಬಿಕೊಳ್ಳುತ್ತದೆ. ಏನಪ್ಪಾ ಇದು ಎಂದು ಕೇಳಿದೆ. "ಆ್ಯಂಬಿಯೆಂಟ್ ಅಂತಾರೆ ಅಮ್ಮ. ಇದನ್ನ ಕೇಳೋದಲ್ಲ, ಇದರೊಳಗೆ ಕೂತಿರೋದು" ಅಂದರು. "ಮೂವತ್ತು ವರ್ಷ ಇದರೊಳಗೇ ಕೂತಿದ್ದೆ, ಯಾರೂ ಸಂಗೀತ ಅನ್ನಲಿಲ್ಲ" ಅಂದೆ. ಇಂಥ ಸದ್ದು ಹುಟ್ಟಿಸುವ ಸಿಂಥಸೈಸರ್ ಮಾರುವ ಅಂಗಡಿಯ ವಿಳಾಸ ಅವರೇ ಕೊಟ್ಟರು.

ಅಂಗಡಿಯಾತ ಜುಟ್ಟು ಕಟ್ಟಿದ ನಡುವಯಸ್ಸಿನವ. ಮೊದಲು ಒಂದು ಕೀಬೋರ್ಡ್ ತೋರಿಸಿದ. ಒಂದು ಗುಂಡಿ ಒತ್ತಿದರೆ ಸಮುದ್ರ, ಇನ್ನೊಂದು ಒತ್ತಿದರೆ ನೂರು ಜನರ ಗಾಯನ. ಎಲ್ಲ ಒಗೆದು, ಇಸ್ತ್ರಿ ಮಾಡಿ, ಮಡಚಿಟ್ಟದ್ದು. ಅಲ್ಲಿ ನನಗೇನು ಕೆಲಸ? ಆಮೇಲೆ ಒಂದು ಖಾಲಿ ಮರದ ಚೌಕಟ್ಟಿನ ಮುಂದೆ ನಿಲ್ಲಿಸಿದ. "ಇದು ಪೂರ್ತಿ ಮಾಡ್ಯುಲರ್ ಅಮ್ಮ. ಒಂದೊಂದೇ ಭಾಗ ಕೊಂಡು ಸೇರಿಸ್ತಾ ಹೋಗಬಹುದು. ಇದಕ್ಕೆ ಕೊನೆಯೇ ಇಲ್ಲ" ಅಂದ. ಕೊನೆಯಿಲ್ಲದ ಖರೀದಿಯನ್ನು ಅಷ್ಟು ಹೆಮ್ಮೆಯಿಂದ ಹೇಳುವವನ ಎದುರಿಗೆ ನಾನು ಮೊದಲು ಮಾಡಿದ್ದು ಕೈಚೀಲದ ಜಿಪ್ ಎಳೆದುಕೊಂಡದ್ದು.

ಮೂರನೆಯದು ಸೆಮಿ-ಮಾಡ್ಯುಲರ್. ರೊಟ್ಟಿ ಮಣೆಯಷ್ಟು ಅಗಲ, ಮೈತುಂಬ ತಿರುಗಣೆ ಮತ್ತು ತೂತು. "ಒಳಗಡೆ ಎಲ್ಲ ಜೋಡಿಸಿಟ್ಟಿರ್ತಾರೆ. ಏನೂ ಚುಚ್ಚದೇ ಇದ್ರೂ ಸದ್ದು ಬರುತ್ತೆ. ಬೇರೆ ದಾರಿ ಬೇಕು ಅಂದ್ರೆ ಕೇಬಲ್ ಚುಚ್ಚಿ, ಒಳಗಿನ ಜೋಡಣೆ ತಾನಾಗೇ ಸರಿದು ಜಾಗ ಬಿಡುತ್ತೆ" ಅಂದ. ತಾನೇ ಸಂಸಾರ ನಡೆಸಬಲ್ಲದು, ಬೇರೆಯವರು ಬಂದರೆ ಮುನಿಸಿಲ್ಲದೆ ಜಾಗ ಬಿಡಬಲ್ಲದು. ಇಂಥ ಸ್ವಭಾವದ ಅತ್ತೆಯನ್ನು ನಾನು ಕಂಡಿಲ್ಲ. ಇದೇ ಇರಲಿ ಅಂದೆ.

ಅದರಲ್ಲೂ ಎರಡಿದ್ದವು. ಹೊಸದು ಹಾಕಿದ ಸ್ವರದಿಂದ ಕದಲುವುದಿಲ್ಲ. ಇನ್ನೊಂದು ಯಾರೋ ಬಳಸಿ ಕೊಟ್ಟದ್ದು. "ಇದರ ಶ್ರುತಿ ಬಿಸಿಗೆ ಅಲ್ಲಾಡುತ್ತೆ, ನಿಮಗೆ ಬೇಡ" ಅಂದ. ಹಳೇ ಅಭ್ಯಾಸ, ಅದರ ಪಕ್ಕೆಗೆ ಅಂಗೈ ಇಟ್ಟು ನೋಡಿದೆ. ನಕ್ಕುಬಿಟ್ಟ: "ಒಳಗೆ ತಿರುಗೋದು ಏನೂ ಇಲ್ಲ ಅಮ್ಮ!" ಇರಲಿ, ಅಲ್ಲಾಡುವುದನ್ನೇ ಕೊಡು ಅಂದೆ. ನಿನ್ನ ಮಗನಿಗೆ ಬೇಡವಾದದ್ದು ಮತ್ತೆ ಮತ್ತೆ ಒಂದೇ ಥರ ಬರುವ ಸದ್ದು ತಾನೇ? ಹೊರಡುವಾಗ ಅವನು ಹೇಳಿದ್ದನ್ನೇ ನಾನು ನಿನಗೆ ಬರೆದದ್ದು: ಶನಿವಾರದೊಳಗೆ ಡಬ್ಬಿ ಸಮೇತ ತಂದರೆ ವಾಪಸ್, ಡಬ್ಬಿ ಇಲ್ಲದಿದ್ದರೆ ಇಲ್ಲ.

ಮನೆಗೆ ತಂದ ಮೇಲೆ ಲಾಂಡ್ರಿಯವಳು ಮಾತ್ರ ಮಾಡಬಹುದಾದ ತಪ್ಪು ಮಾಡಿದೆ. ಅದರೊಳಗೆ ಸ್ವರ ಹುಟ್ಟಿಸುವ ಭಾಗಗಳು ಎರಡಿವೆ, ಆಸಿಲೇಟರ್ ಅನ್ನುತ್ತಾರೆ. ಮೆಷಿನ್ನಿನಲ್ಲಿ ಬಟ್ಟೆಯ ಭಾರ ಒಂದೇ ಕಡೆಗೆ ಬಿದ್ದರೆ ಅದು ಕುಣಿದುಕೊಂಡು ಬಾಗಿಲವರೆಗೆ ಬರುವುದನ್ನು ನೀನೇ ಕಂಡಿದ್ದೀಯ. ಆ ಭಯದಲ್ಲೇ ಬದುಕಿದವಳು ನಾನು. ಹಾಗಾಗಿ ದಿನವಿಡೀ ಕೂತು ಎರಡು ಸ್ವರಗಳನ್ನೂ ಕೂದಲೆಳೆ ವ್ಯತ್ಯಾಸವಿಲ್ಲದೆ ಸಮ ಮಾಡಿದೆ. ಫಿಲ್ಟರಿನ ತಿರುಗಣೆ ಇಳಿಸಿ, ಪಕ್ಕದ ಕೋಣೆಯಿಂದ ಬಾಗಿಲು ಮುಚ್ಚಿ ಕೇಳಿದ ಹಾಗೆ ಮೆತ್ತಗೆ ಮಾಡಿದೆ. ಏನೂ ಪ್ರಯೋಜನವಿಲ್ಲ. ಸದ್ದು ಗೋಡೆಯ ಹಾಗೆ ನಿಂತೇ ಇತ್ತು, ಫ್ರಿಜ್ಜಿನ ಗೊಣಗಾಟದ ಹಾಗೆ.

ನಿನ್ನ ಕಾಗದ ಬಂದದ್ದು ಸರಿಯಾಗಿ ಆಗ. ಮಗಳು ಹೇಳಿದ್ದೇ ಸರಿ ಅಂದುಕೊಂಡು ಮಂಚದ ಕೆಳಗಿಂದ ಡಬ್ಬಿ ಎಳೆದೆ, ಒಳಗಿನ ಥರ್ಮೋಕೋಲ್ ಹುಡುಕಿ ತಂದೆ. ಯಂತ್ರ ಆರಿಸುವುದನ್ನು ಮರೆತಿದ್ದೆ. ಮೇಜಿನ ಮೇಲೆ ಬಿಸಿಲು ಬಿದ್ದಿತ್ತು. ಎರಡರಲ್ಲಿ ಒಂದು ಸ್ವರ ಬಿಸಿಯೇರಿ ಚೂರೇ ಚೂರು ಜಾರಿತು ನೋಡು! ವ್ಹೂಂ… ವ್ಹೂಂ… ಒಂದನ್ನೊಂದು ದಾಟುವಾಗ ಉಬ್ಬುವುದು, ದಾಟಿದ ಮೇಲೆ ತಗ್ಗುವುದು. ಮೂರನೇ ಡ್ರೈಯರ್, ಬಿಲ್ಲೆ. ಒಳಗೆ ಜೋಡಿ ಹಾಸಿಗೆಯ ಹೊದಿಕೆ ಹೊರಳುತ್ತಿರುವ ಹಾಗೆಯೇ. ಥರ್ಮೋಕೋಲ್ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟೆ.

ಇಬ್ಬರೂ ಒಂದೇ ಹೇಳಿದರೆ ಆ ಸದ್ದಿಗೆ ಉಸಿರಿಲ್ಲ, ಸಣ್ಣದೊಂದು ಭಿನ್ನಾಭಿಪ್ರಾಯ ಇರಬೇಕು. ನಮ್ಮಿಬ್ಬರ ನಡುವೆ ಇರುವುದು ಹಗ್ಗದ ಗಾತ್ರದ್ದು, ಅದು ಬೇರೆ ವಿಷಯ.

ನೀನು ಕೇಳುವ ಮೊದಲೇ ಬರೆಯುತ್ತೇನೆ: ನಾನು ಆರಾಮಾಗಿದ್ದೇನೆ, ನಿದ್ದೆ ಚೆನ್ನಾಗಿ ಬರುತ್ತದೆ. ಕೆಳಗೆ ನಮ್ಮ ಲಾಂಡ್ರಿ ಇದ್ದಲ್ಲಿ ಈಗ ಕನ್ನಡಕದ ಅಂಗಡಿ ಬಂದಿದೆ. ಒಳ್ಳೆಯ ಜನ. ಕನ್ನಡಕಗಳು ಸದ್ದೇ ಮಾಡುವುದಿಲ್ಲ.

ಇದರ ಜೊತೆ ಒಂದು ಪೆನ್ ಡ್ರೈವ್ ಇದೆ. ಮೇಲ್ಮನೆಯವರ ರೆಕಾರ್ಡರನ್ನು ಮೇಜಿನ ಮೇಲಿಟ್ಟು ಹಿಡಿದದ್ದು. ಸದ್ದು ಸಣ್ಣದಾಗಿ ಇಟ್ಟು, ತೊಟ್ಟಿಲಿನಿಂದ ದೂರದಲ್ಲಿ ಹಾಕು. ನೀನು ಕೈಯಲ್ಲಿ ಬಿಸಿ ಲೋಟ ಹಿಡಿದುಕೊಂಡು ಕೇಳಬೇಡ, ನಿನ್ನ ಭರವಸೆ ನನಗಿಲ್ಲ. ಆದರೆ ರೆಕಾರ್ಡಿಂಗ್ ಒಂದು ಕಡೆ ಮುಗಿಯುತ್ತದೆ, ಯಂತ್ರ ಮುಗಿಯುವುದಿಲ್ಲ. ಮುಂದಿನ ತಿಂಗಳು ಅದನ್ನು ಹೊತ್ತುಕೊಂಡು ನಾನೇ ಬರುತ್ತೇನೆ. ನನಗೆ ಹೊಸ ಹಾಸಿಗೆ, ಪರದೆ ಏನೂ ಬೇಡ. ಒಂದು ಮೇಜು, ಪಕ್ಕದಲ್ಲಿ ಒಂದು ಪ್ಲಗ್, ಸ್ವಲ್ಪ ಬಿಸಿಲು ಸಾಕು.

ನಿನ್ನ ಮಾತು ಕೇಳದ, ಆದರೂ ನಿನ್ನವಳೇ ಆದ
ಅಮ್ಮ

ತಾ.ಕ.: ಈ ಕಾಗದ, ಪೆನ್ ಡ್ರೈವ್, ಮಗುವಿನ ಹೊದಿಕೆ ಬಂದಿರುವ ಡಬ್ಬಿಯನ್ನು ತಿರುಗಿಸಿ ನೋಡು. ಹೊರಗೆ ಯಂತ್ರದ ಚಿತ್ರ ಇದೆ. ಶನಿವಾರಕ್ಕೆ ಈ ಡಬ್ಬಿ ನಿನ್ನ ಮನೆಯಲ್ಲಿರುತ್ತದೆ, ಅಂಗಡಿಯಲ್ಲಲ್ಲ.

ಇನ್ನೊಂದು. ರೆಕಾರ್ಡಿಂಗಿನ ಕೊನೆಯಲ್ಲಿ ಬೇರೊಂದು ಗೊರಗೊರ ಸದ್ದು ಸೇರಿಕೊಳ್ಳುತ್ತದೆ. ಯಂತ್ರ ಕೆಟ್ಟಿತು ಅಂದುಕೊಳ್ಳಬೇಡ. ಕತ್ತರಿಸಿ ಕಳಿಸೋಣ ಅಂದುಕೊಂಡಿದ್ದೆ, ಮನಸ್ಸಾಗಲಿಲ್ಲ. ಅದು ನಾನು. ಲಾಂಡ್ರಿ ಮುಚ್ಚಿದ ಮೇಲೆ ಹೀಗೆ ನಿದ್ದೆ ಬಂದದ್ದು ಇದೇ ಮೊದಲ ಸಲ.