ಹೇಳಿ ಮುಟ್ಟುವ ಕೈ

ಬುಧವಾರ, ಮಧ್ಯಾಹ್ನ

ಮಗಳೇ,

ನಿನಗೆ ಒಳ್ಳೆಯದಾಗಲಿ. ನನ್ನ ಫೋನ್ ಎತ್ತುವುದಿಲ್ಲವೆಂದು ಹಟ ಹಿಡಿದಿದ್ದೀಯಲ್ಲ, ಅದಕ್ಕೇ ಕಾಗದ. ಇದನ್ನು ನಡುವೆ ಕಟ್ ಮಾಡಲು ಬರುವುದಿಲ್ಲ. ಒಂದು ಕಡೆ ಕೂತು ಪೂರ್ತಿ ಓದು.

ನಿನ್ನೆ ನಿನ್ನ ಮಗನನ್ನು ನೋಡಿಕೊಂಡು ಬಂದೆ. ಹೌದು, ನಾನೇ. ಅವನಿಗೆ ಶಿಕ್ಷೆಯಾದ ದಿನ ಕೋರ್ಟಿನ ಮೆಟ್ಟಿಲ ಮೇಲೆ ನಿಂತು, ಬಾಲಾಪರಾಧಿಗಳ ಮಂದಿರಕ್ಕೆ ನನ್ನ ಚಪ್ಪಲಿಯೂ ಹೋಗುವುದಿಲ್ಲ ಎಂದವಳು ನಾನು. ಅಲ್ಲಿ ಬಾಗಿಲಲ್ಲೇ ಚಪ್ಪಲಿ ಬಿಚ್ಚಿಸಿ ತಪಾಸಣೆಯ ಯಂತ್ರದೊಳಗೆ ಹಾಕಿದರು. ನನಗಿಂತ ಮೊದಲು ಚಪ್ಪಲಿಯೇ ಒಳಗೆ ಹೋಯಿತು. ಕಾವಲಿನ ಹೆಂಗಸು ಯಾರನ್ನು ನೋಡಬೇಕು ಎಂದು ಕೇಳಿದಳು. ಬಾಯಿತಪ್ಪಿ "ಪಾಪು" ಎಂದೆ. "ಇಲ್ಲಿರೋ ಪಾಪುಗಳಿಗೆಲ್ಲ ಮೀಸೆ ಬಂದಿದೆ ಅಜ್ಜಿ, ಯಾವ ಪಾಪು?" ಎಂದು ನಕ್ಕಳು. ನಾನು ನಗಲಿಲ್ಲ.

ಕ್ಷೌರ ಕಲಿಸುವ ಮೇಷ್ಟ್ರು ನಿನಗೂ ಫೋನ್ ಮಾಡಿದ್ದರಂತೆ. ನಾಚಿಕೆಯಾಗುತ್ತದೆ, ಬರುವುದಿಲ್ಲ ಎಂದೆಯಂತೆ. ಅವರು ಹೇಳಿದ್ದು ನಿನ್ನ ಕಿವಿಗೆ ಪೂರ್ತಿ ಬಿದ್ದಿರಲಿಕ್ಕಿಲ್ಲ, ನಾನು ಹೇಳುತ್ತೇನೆ. ಪಾಪು ಕ್ಷೌರ ಕಲಿತು ಮುಗಿಸಿದ್ದಾನೆ. ಪಾಸಾದರೆ ಹಗಲು ಹೊರಗಿನ ಸಲೂನಿನಲ್ಲಿ ಕೆಲಸ, ಅಲ್ಲಿ ಸರಿಯಾಗಿ ನಡೆದುಕೊಂಡರೆ ಬೇಗ ಮನೆ. ಆದರೆ ಪರೀಕ್ಷೆಗೆ ಅವನ ಮುಂದೆ ತಲೆ ಕೊಟ್ಟು ಕೂರಬೇಕಾದವರು ಅವನ ಮನೆಯವರೇ, ಇಬ್ಬರು. ಅವನಿಗೆ ಇರುವುದು ನಾವಿಬ್ಬರೇ.

"ಅಲ್ಲ ಸ್ವಾಮಿ, ಬೇರೆ ಯಾರಾದ್ರೂ ಕೂತ್ರೆ ಆಗಲ್ವಾ?" ಎಂದು ನಾನೇ ಜಗಳ ತೆಗೆದೆ. "ಬೇರೆಯವ್ರಿಗೆ ಇವನು ಏನ್ ಮಾಡಿದಾನೆ ಅಂತ ಗೊತ್ತಿಲ್ಲವಲ್ಲಮ್ಮಾ, ಧೈರ್ಯವಾಗಿ ಕೂತ್ಕೋತಾರೆ" ಎಂದರು. ನಾನು ಜಗಳ ಬಿಟ್ಟು ಅವರ ಹಿಂದೆ ಕ್ಷೌರದ ಕೋಣೆಗೆ ನಡೆದೆ.

ಆ ಕೋಣೆಯನ್ನು ನೀನು ನೋಡಬೇಕು. ಕುರ್ಚಿಗಳನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದಾರೆ. ಗಾಜಿನ ಕನ್ನಡಿ ಇಲ್ಲ, ಗೋಡೆಗೆ ಹೊಳೆಯುವ ಸ್ಟೀಲಿನ ತಗಡು. ಅದರಲ್ಲಿ ಮುಖ ನೀರಿನಲ್ಲಿ ಕಂಡ ಹಾಗೆ ಸ್ವಲ್ಪ ಅಲುಗಾಡುತ್ತದೆ. ಇನ್ನೊಂದು ಗೋಡೆಯ ಹಲಗೆಯ ಮೇಲೆ ಪ್ರತಿ ಕತ್ತರಿಯ, ಪ್ರತಿ ರೇಜರಿನ ಆಕಾರವನ್ನು ಕೆಂಪು ಬಣ್ಣದಲ್ಲಿ ಬರೆದಿದ್ದಾರೆ. ಸಾಮಾನೆಲ್ಲ ವಾಪಸು ತೂಗುಹಾಕಿ ಎಲ್ಲ ಕೆಂಪೂ ಮುಚ್ಚುವವರೆಗೆ ಒಬ್ಬರೂ ಹೊರಗೆ ಹೋಗುವಂತಿಲ್ಲ, ಮೇಷ್ಟ್ರೂ ಸಹ.

ಪಾಪು ಬಂದ. ತೆಳ್ಳಗಾಗಿದ್ದಾನೆ, ಬೆನ್ನು ನೆಟ್ಟಗಾಗಿದೆ. ಕಾಲಿಗೆ ಬೀಳಲು ಬಗ್ಗಿದವನನ್ನು ತಡೆದು, ಆ ಹುಡುಗನ ಬೆರಳುಗಳ ವಿಷಯವನ್ನೇ ಮೊದಲು ಎತ್ತಿದೆ. ಮೈದಾನದ ಜಗಳದಲ್ಲಿ ಇವನು ಚಾಕು ಬೀಸಿದ್ದಕ್ಕೆ ಆ ಹುಡುಗನ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ ಎನ್ನುವುದನ್ನು ನಾನು ಮರೆತಿಲ್ಲ, ಇವನಿಗೆ ಮರೆಯಲು ಬಿಡುವುದೂ ಇಲ್ಲ. ಅವನು ತಲೆ ತಗ್ಗಿಸಲಿಲ್ಲ. "ಕತ್ತರಿಗೆ ಬೆರಳು ಹಾಕಿದಾಗೆಲ್ಲ ನೆನಪಾಗತ್ತೆ ಅಜ್ಜಿ" ಎಂದ. ಅಷ್ಟೇ. ಅದರ ಮೇಲೆ ಒಂದು ನೆಪ ಇಲ್ಲ, ಅಳು ಇಲ್ಲ.

ನಾನು ಕೂತೆ. ಕೊರಳಿಗೆ ನೀಲಿ ಬಟ್ಟೆ ಕಟ್ಟಿದ. ಜಡೆ ಬಿಚ್ಚಲೇ ಎಂದು ಕೇಳಿದ. ತುದಿ ಕತ್ತರಿಸಿದರೂ ಪರೀಕ್ಷೆಗೆ ಸಾಕು ಎಂದ. "ಬಂದಿರೋದು ತುದಿಗಲ್ಲ, ಭುಜದವರೆಗೆ ಬಿಟ್ಟು ಮಿಕ್ಕಿದ್ದು ತೆಗಿ" ಎಂದೆ.

ಆಮೇಲಿನದನ್ನು ಹೇಗೆ ಬರೆಯಲಿ? ಆ ಕೋಣೆಯಲ್ಲಿ ಒಂದು ಪದ್ಧತಿ ಇದೆ. ಹೇಳದೆ ಯಾರನ್ನೂ ಮುಟ್ಟುವಂತಿಲ್ಲ. "ಎಡಗಿವಿ ಹಿಂದೆ ಬಾಚಣಿಗೆ ಬರ್ತಿದೆ." "ಹಣೆ ಹತ್ರ ಕತ್ತರಿ ಬರ್ತಿದೆ." ಅತ್ತ ಒಬ್ಬ, ಇತ್ತ ಒಬ್ಬ, ಎಲ್ಲರೂ ಮೆಲ್ಲಗೆ ಹೇಳುತ್ತಲೇ ಇರುತ್ತಾರೆ. ಬೀದಿಯಲ್ಲಿ ಎದುರು ಬಂದರೆ ನಾವು ಚೀಲ ಬಿಗಿಹಿಡಿದುಕೊಳ್ಳುವಂಥ ಹುಡುಗರು, ಮಗಳೇ! ಒಬ್ಬೊಬ್ಬನ ಕೈಯಲ್ಲೂ ಹರಿತವಾದದ್ದೊಂದು, ಆ ಕೈಯ ಕೆಳಗೆ ಅವನನ್ನು ಹೆತ್ತವರ, ಸಾಕಿದವರ ಕುತ್ತಿಗೆ. ಆ ದನಿಗಳ ನಡುವೆ ಕೂತು ನನ್ನ ಮೈಯೆಲ್ಲ ಜುಮ್ಮೆಂದಿತು. ಯಾವ ದೇವಸ್ಥಾನದಲ್ಲೂ ನನಗೆ ಹಾಗೆ ಆಗಿದ್ದಿಲ್ಲ.

ಪಕ್ಕದ ಕುರ್ಚಿಯಲ್ಲಿ ಒಬ್ಬ ಹುಡುಗನ ಸೋದರಮಾವ ಕೂತಿದ್ದರು. "ಬಲಗಿವಿ ಹತ್ರ ಬರ್ತಿದೀನಿ ಮಾವ" ಎಂದ ಹುಡುಗ. "ಬಾರಪ್ಪ, ಕಿವಿ ಮಾತ್ರ ಬಿಡು, ಕನ್ನಡಕ ನಿಲ್ಲೋದಕ್ಕೆ ಬೇಕು" ಎಂದರು. ಕೋಣೆಯೇ ನಕ್ಕಿತು, ಆದರೆ ನಗುವ ಮೊದಲು ಪ್ರತಿಯೊಬ್ಬನೂ ಕತ್ತರಿಯನ್ನು ತಲೆಯಿಂದ ದೂರ ಹಿಡಿದ. ಅದನ್ನು ನೋಡಿದೆ. ಈಗಲೂ ಕಣ್ಣ ಮುಂದೆ ಇದೆ.

ಕೊನೆಗೆ ರೇಜರಿನಲ್ಲಿ ಹಿಂಗತ್ತಿನ ಕೂದಲು ತೆಗೆದದ್ದೂ ಆಯಿತು. ಮೇಷ್ಟ್ರು ನನ್ನ ತಲೆಯನ್ನು ಅತ್ತಿತ್ತ ತಿರುಗಿಸಿ ನೋಡಿ, ಒಂದು ಪರೀಕ್ಷೆ ಪಾಸು ಎಂದರು. ನಾನು ತಗಡಿನಲ್ಲಿ ನೋಡಿಕೊಂಡೆ. ಒಂದು ಕೂದಲೂ ಏರುಪೇರಿಲ್ಲ. ಹೊಗಳಿ ಅಭ್ಯಾಸವಿಲ್ಲದ ಬಾಯಿ, "ಪರವಾಗಿಲ್ಲ" ಎಂದಿತು. ಅವನಿಗೆ ಅರ್ಥವಾಯಿತು. ನಿನ್ನ ಹೆಸರು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಾನು ಎದ್ದ ಮೇಲೆ ಇಬ್ಬರೂ ಆ ಖಾಲಿ ಕುರ್ಚಿಯನ್ನು ನೋಡಿದೆವು.

ಇನ್ನೊಂದು ಪರೀಕ್ಷೆ ಬರುವ ಮಂಗಳವಾರ. ನೀನು ಹೋಗದಿದ್ದರೆ ಅವನು ಕಲಿತದ್ದು ಆ ಗೋಡೆಯೊಳಗೇ ಉಳಿಯುತ್ತದೆ. ನಾನು ನಿನಗೆ ಅಪ್ಪಣೆ ಮಾಡುತ್ತಿಲ್ಲ. ಹಾಗೆ ಕೇಳಿಸಿದರೆ ಅದು ನನ್ನ ದನಿಯ ದೋಷ.

ಇಂತು,
ನಿನ್ನ ಅಮ್ಮ

ತಾ.ಕ.: ರೇಜರಿನ ವಿಷಯವನ್ನು ಮೇಲೆ ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟೆ. ನಡೆದದ್ದು ಬೇರೆ. "ಕುತ್ತಿಗೆ ಹಿಂದೆ ರೇಜರ್ ಬರ್ತಿದೆ ಅಜ್ಜಿ" ಎಂದ ಕೂಡಲೇ ನಾನು "ಬೇಡ!" ಎಂದು ಕಿರುಚಿಬಿಟ್ಟೆ. ಕೋಣೆ ನಿಂತುಹೋಯಿತು. ಪಾಪು ರೇಜರನ್ನು ತಟ್ಟೆಯಲ್ಲಿಟ್ಟು ಹಿಂದೆ ಸರಿದ, ಎರಡೂ ಕೈ ನನಗೆ ತಗಡಿನಲ್ಲಿ ಕಾಣುವ ಹಾಗೆ ಹಿಡಿದು ನಿಂತ. ಬೇಜಾರಿಲ್ಲ, ಕೋಪವಿಲ್ಲ. "ನೀವು ಹೇಳೋವರೆಗೂ ಬರಲ್ಲ" ಎಂದ. ಪಕ್ಕದ ಸೋದರಮಾವ ಇಳಿದು ಹೋದರು, ಆ ಕುರ್ಚಿಗೆ ಇನ್ನೊಬ್ಬರು ಬಂದು ಕೂತರು, ಅವನು ಹಾಗೇ ನಿಂತಿದ್ದ. ನೀರು ಕುಡಿಯಲು ಎರಡು ನಿಮಿಷ ಕಾಯದ ಹುಡುಗ! ಕಡೆಗೆ "ಬಾ" ಎಂದವಳು ನಾನೇ. ನಿನಗಿರುವುದು ನಾಚಿಕೆಯಲ್ಲ ಎಂದು ನನಗೆ ಗೊತ್ತು ಮಗಳೇ. ನೀನು ಹೆದರಿಕೊಂಡೇ ಹೋಗು. ಅವನು ಕಾಯುತ್ತಾನೆ.