ಕಲ್ಲಿಗೆ ಕಟ್ಟಿದ ಗಿಡ

ಪ್ರೀತಿಯ ಅತ್ತಿಗೆ,

ಬಾಳ್ಳುಪೇಟೆಯ ಮನೆಯ ಮುಂಗೋಣೆಯಲ್ಲಿ, ನಿಮ್ಮ ಹೊಲಿಗೆ ಮಿಷನ್ನಿನ ಪಕ್ಕ ಗಾಜಿನ ಮೀನುತೊಟ್ಟಿ ಕಂಡ ದಿನ ನಾನೆಷ್ಟು ನಕ್ಕಿದ್ದೆ, ನೆನಪಿದೆಯಾ? ನಾಲ್ಕು ಗಪ್ಪಿ ಮೀನು, ಒಂದು ಕಪ್ಪು ಕಲ್ಲು, ಕಲ್ಲಿನ ಮೇಲೊಂದು ಗಿಡ. ಅನುಬಿಯಾಸ್ ಅಂತ ಅದರ ಹೆಸರನ್ನು ಮೂರು ಸಲ ಬಿಡಿಸಿ ಹೇಳಿದಿರಿ. ವೀಳ್ಯದೆಲೆಯ ಆಕಾರದ ದಪ್ಪ ಎಲೆ, ಬುಡದಲ್ಲಿ ಅಡ್ಡ ಮಲಗಿದ ಗೆಡ್ಡೆ, ಥೇಟ್ ಶುಂಠಿಯದೇ. ಅದನ್ನು ಹೊಲಿಗೆ ದಾರದಿಂದ ಕಲ್ಲಿಗೆ ಸುತ್ತಿ ಕಟ್ಟಿದ್ದಿರಿ. "ಗಿಡನ ನೆಡ್ತಾರೋ, ಹೊಲೀತಾರೋ?" ಅಂತ ರೇಗಿಸಿದೆ. "ನಿಂಗೆ ನೀರೊಳಗಿನ ಗಿಡನೂ ಗೊತ್ತಿಲ್ಲ, ಒಣಶುಂಠಿನೂ ಗೊತ್ತಿಲ್ಲ, ಸುಮ್ಕಿರು ಮಾರಾಯ" ಅಂದಿರಿ. ಕೆ. ಹೊಸಕೋಟೆಯಲ್ಲಿ ನನ್ನ ಶುಂಠಿ ಪಾತಿಯಷ್ಟು ಚೆಂದದ ಪಾತಿ ಇನ್ನೊಬ್ಬರದಿಲ್ಲ ಅನ್ನುವ ಜಂಬದವನಿಗೆ ಆ ಮಾತು ಚುಚ್ಚಿತ್ತು.

ಹೈವೇಯಲ್ಲಿ ಲಾರಿ ಹೋದಾಗಲೆಲ್ಲ ತೊಟ್ಟಿಯ ನೀರು ನಡುಗುತ್ತಿತ್ತು, ಗಿಡ ಮಾತ್ರ ಅಲುಗುತ್ತಿರಲಿಲ್ಲ. "ಇದಕ್ಕೆ ಬಿಸಿಲು ಬೇಡ, ಗೊಬ್ಬರ ಬೇಡ. ವಾರಕ್ಕೊಂದ್ಸಲ ಎರಡು ಬಿಂದಿಗೆ ನೀರು ತೆಗ್ದು ಹೊಸದು ಹಾಕಿದ್ರೆ ಸಾಕು. ನನ್ ಥರಾನೇ ಗಟ್ಟಿ ಕಣೋ" ಅನ್ನುತ್ತಿದ್ದಿರಿ. ಆ ಮಾತನ್ನು ನಾವು ನಂಬಿಬಿಟ್ಟೆವು. ಮಿಷನ್ ತುಳಿಯುತ್ತಿದ್ದವರು ನಡುವೆ ನಿಲ್ಲಿಸಿ ಹೊಟ್ಟೆ ಒತ್ತಿಕೊಳ್ಳುತ್ತಿದ್ದದ್ದನ್ನು ಅಣ್ಣನೂ ನೋಡಿದ್ದ, ನಾನೂ ನೋಡಿದ್ದೆ. ಗಟ್ಟಿ ಹೆಂಗಸು, ಏನಾಗುತ್ತೆ ಅಂದುಕೊಂಡೆವು. ನಾಲ್ಕು ತಿಂಗಳು ಮೊದಲೇ ನಿಮ್ಮನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರೆ...

ಅಣ್ಣನ ಜೊತೆ ಹಾಸನದ ಆಸ್ಪತ್ರೆಗೆ ಹೊರಟ ದಿನ ಮನೆಯ ಬೀಗದ ಕೈ ನನ್ನ ಕೈಗಿಟ್ಟಿರಿ. "ಎರಡು ವಾರ ಮೀನು ನೋಡ್ಕೊ, ಬಂದ್ಬುಡ್ತೀನಿ. ಗಿಡದ ತಂಟೆಗೆ ಮಾತ್ರ ಹೋಗ್ಬೇಡ." ನೀವು ಕಾರು ಹತ್ತುವ ಮೊದಲು ತೊಟ್ಟಿಯದೊಂದು ಫೋಟೋ ತೆಗೆದುಕೊಂಡೆ. ಮೂರನೇ ದಿನ ಮೀನಿಗೆ ಕಾಳು ಹಾಕಲು ಹೋದಾಗ ನನ್ನ ಕೈ ತುರಿಸಿತು. ಗೆಡ್ಡೆಯನ್ನು ಹೀಗೆ ಬತ್ತಲೆ ಬಿಟ್ಟರೆ ಯಾವ ಗಿಡ ತಾನೇ ಬಲಿತೀತು? ನಿಮ್ಮದೇ ಕತ್ತರಿಯಿಂದ ದಾರ ಕತ್ತರಿಸಿ, ತೊಟ್ಟಿಯ ತಳದ ಜಲ್ಲಿಯಲ್ಲಿ ಶುಂಠಿ ಬಿತ್ತುವ ಹಾಗೆ ಹೂತುಬಿಟ್ಟೆ. ನೀವು ವಾಪಸ್ ಬಂದಾಗ ಗಿಡ ಎರಡರಷ್ಟಾಗಿರಬೇಕು, ಸೋತೆ ಮಾರಾಯ ಅಂತ ನಿಮ್ಮ ಬಾಯಲ್ಲಿ ಕೇಳಬೇಕು ಅಂತ ಆಸೆ.

ಹತ್ತು ದಿನ ಬಿಟ್ಟು ಎಲೆ ಮುಟ್ಟಿದರೆ ಕೈಗೇ ಬಂತು. ಜಲ್ಲಿ ಕೆದಕಿದೆ, ಗೆಡ್ಡೆ ಕಪ್ಪಾಗಿ ಮೆತ್ತಗಾಗಿತ್ತು. ಕೊಳೆರೋಗ ಹತ್ತಿದ ಶುಂಠಿಯ ನಾತ ನನಗೆ ಗೊತ್ತಿಲ್ಲವೇ, ಅದೇ ನಾತ. ಆ ಸಂಜೆಯೇ ನಿಮ್ಮ ಫೋನು ಬಂತು. ದನಿ ಎಷ್ಟು ಸಣ್ಣಗಾಗಿತ್ತು.

"ಗಿಡ ಹೆಂಗೈತೋ?"

"ಸೊಂಪಾಗೈತೆ ಅತ್ತಿಗೆ."

"ಒಂದ್ ಫೋಟೋ ಕಳ್ಸು, ನೋಡ್ತೀನಿ."

ನೀವು ಹೊರಟ ದಿನ ತೆಗೆದಿದ್ದ ಫೋಟೋವನ್ನೇ ಕಳಿಸಿದೆ. ಅದನ್ನು ನೀವು ಪಕ್ಕದ ಮಂಚದವರಿಗೂ ನರ್ಸಿಗೂ ತೋರಿಸಿ, "ನಮ್ ಮೈದುನ ನನಗಿಂತ ಚೆನ್ನಾಗಿ ನೋಡ್ಕೊಂಡವ್ನೆ" ಅಂದಿರಂತೆ. ಅದಾಗಿ ನಾಲ್ಕನೇ ದಿನ ಅಣ್ಣ ಫೋನ್ ಮಾಡಿದ. "ಹೊರಟು ಬಾರೋ" ಅಂದು ಇಟ್ಟುಬಿಟ್ಟ. ನನಗೆ ಗೊತ್ತಾಯಿತು.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ತೊಟ್ಟಿ ತೊಳೆಯಲು ನಿಂತೆ. ಕೊಳೆತ ಗೆಡ್ಡೆಯನ್ನು ಜಲ್ಲಿಯಿಂದ ಎತ್ತಿ ಬಕೆಟ್ಟಿಗೆ ಹಾಕುವಾಗ ಅಣ್ಣ ಬಂದ. ಸುಳ್ಳಿನ ವಿಚಾರ ಅವನಿಗೆ ಗೊತ್ತಿರಲಿಲ್ಲ. "ಯಾಕೋ ಬಿಸಾಕ್ತೀಯ? ತಂದ ಹೊಸದ್ರಲ್ಲಿ ಅವ್ಳೂ ಇದನ್ನ ಹಿಂಗೇ ಹೂತು ಕೊಳೆಸಿದ್ಲು. ನಾನ್ ನಕ್ಬುಟ್ಟೆ ಅಂತ ಎರಡು ದಿನ ಮಾತಾಡ್ಲಿಲ್ಲ. ಆಮೇಲೆ ಕೊಳೆತಿದ್ದು ಕುಯ್ದು, ಗಟ್ಟಿ ಇದ್ದಷ್ಟನ್ನ ಕಲ್ಲಿಗೆ ಕಟ್ಟಿದ್ಲು. ಬಂತಲ್ಲ" ಅಂದ.

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ, ಅತ್ತಿಗೆ. ನಿಜ ಹೇಳಿದ್ದರೆ ನೀವು ನಗುತ್ತಿದ್ದಿರಿ ಅಲ್ಲವಾ? ಮಲಗಿದಲ್ಲಿಂದಲೇ ಬೈದು, ಎಲ್ಲಿ ಕತ್ತರಿಸಬೇಕು, ಹೇಗೆ ಕಟ್ಟಬೇಕು ಅಂತ ಹೇಳಿಕೊಡುತ್ತಿದ್ದಿರಿ. ನಿಮ್ಮ ಮನಸ್ಸಿಗೆ ನೋವಾಗಬಾರದು ಅಂತ ಸುಳ್ಳು ಹೇಳಿದೆ ಅಂದುಕೊಂಡಿದ್ದೆ. ನಿಜವಾಗಿ ನನಗೆ ಸೋಲು ಒಪ್ಪಿಕೊಳ್ಳಲಾಗಲಿಲ್ಲ, ಅಷ್ಟೇ. ನಿಮ್ಮ ಕೊನೆಯ ಒಂದು ಬೈಗುಳ ನನಗೆ ಸಿಗಬೇಕಿತ್ತು, ಅದನ್ನು ನಾನೇ ಕಳೆದುಕೊಂಡೆ.

ಗೆಡ್ಡೆಯಲ್ಲಿ ಅರ್ಧ ಬೆರಳಿನಷ್ಟು ಗಟ್ಟಿ ಇತ್ತು. ಮಿಕ್ಕಿದ್ದನ್ನು ಕತ್ತರಿಸಿದೆ. ನಿಮ್ಮ ಮಿಷನ್ನಿನ ಬಾಬಿನ್ನಿನಲ್ಲಿ, ನೀವು ಅರ್ಧ ಹೊಲಿದು ಬಿಟ್ಟಿದ್ದ ರವಿಕೆಯ ಮೆರೂನ್ ದಾರ ಇನ್ನೂ ಇತ್ತು. ಅದರಿಂದಲೇ ಕಟ್ಟಿದೆ. ಹಾಕಿದ ಗಂಟು ಎರಡು ಸಲ ಬಿಚ್ಚಿಹೋಯಿತು. ಒಂದೂವರೆ ತಿಂಗಳು ಏನೂ ಇಲ್ಲ. ಆಮೇಲೆ ಒಂದು ಬೆಳಿಗ್ಗೆ, ಸುರುಳಿ ಸುತ್ತಿದ ಸಣ್ಣದೊಂದು ಎಲೆ. ಈಗ ಐದು ಎಲೆಗಳಿವೆ. ದಾರ ನೀರಿನಲ್ಲಿ ಕೊಳೆತು ಬಿದ್ದುಹೋಗಿದೆ, ಬೇರು ಕಲ್ಲನ್ನು ಕಚ್ಚಿ ಹಿಡಿದಿದೆ. ಪ್ರತಿ ಭಾನುವಾರ ಅಣ್ಣ ಎರಡು ಬಿಂದಿಗೆ ನೀರು ಬದಲಾಯಿಸುತ್ತಾನೆ, ನಾನು ಪಕ್ಕದಲ್ಲಿ ಕೈಕಟ್ಟಿ ನಿಂತಿರುತ್ತೇನೆ. ಗಿಡದ ತಂಟೆಗೆ ಹೋಗುವುದಿಲ್ಲ.

ಅತ್ತಿಗೆ, ಇವತ್ತು ಬೆಳಿಗ್ಗೆ ಒಂದು ಫೋಟೋ ತೆಗೆದೆ. ಇದು ಇವತ್ತಿನದೇ.