ಪಂಕ್ಚರ್ ಆಗದ ಬಸ್ಸು

ರಿಪ್ಪನ್‌ಪೇಟೆ
18 ನವೆಂಬರ್ 2024

ಪ್ರೀತಿಯ ಸುಷ್ಮಾ,

ಹೇಗಿದ್ದೀಯ? ಸಾಗರದ ಹೊಸ ಮನೆಯಲ್ಲಿ ನೀರಿನ ತಾಪತ್ರಯ ಮುಗಿಯಿತೇ? ಅತ್ತೆಯವರ ಮಂಡಿನೋವು ಹೇಗಿದೆ? ನಿನ್ನ ಮೆಸೇಜುಗಳಿಗೆ ಉತ್ತರ ಕೊಡದೆ ಐದು ದಿನ ಕೂತಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಎರಡೇ ಮಾತಿಗೆ ನನ್ನನ್ನು ನಗಿಸಿಬಿಡುತ್ತೀಯ, ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ಅದಕ್ಕೇ ಈ ಕಾಗದ.

ಶಾಲೆಯಲ್ಲಿ ಎಲ್ಲರೂ ಆರಾಮ. ಹೆಡ್ಮಾಸ್ಟರ್ ನಾರಾಯಣಮೂರ್ತಿಯವರು ಮುರಿದ ಚಾಕ್‌ಪೀಸ್ ತೋರಿಸದೆ ಹೊಸದು ಕೊಡುವುದಿಲ್ಲ ಎಂಬ ವ್ರತವನ್ನು ಬಿಟ್ಟಿಲ್ಲ. ನಿನ್ನ ಜಾಗಕ್ಕೆ ಯಾರೂ ಬಂದಿಲ್ಲ. ಒಂದರಿಂದ ಮೂರನೇ ಕ್ಲಾಸು ಪೂರಾ ನನ್ನ ತಲೆ ಮೇಲೆ. ನಮ್ಮ ಬಸ್ಸಾಟ ಮಾತ್ರ ನಿಂತಿಲ್ಲ. ಅದರ ವಿಷಯವೇ ಬರೆಯಬೇಕಿದೆ.

ಮಕ್ಕಳು ಒಂದೊಂದೇ ಅಕ್ಷರ ಎಳೆದು ಓದುತ್ತಾರೆ, ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಓದಿದ್ದು ಮರೆತಿರುತ್ತದೆ ಅಂತ ನಾವಿಬ್ಬರೂ ಎಷ್ಟು ತಲೆ ಕೆಡಿಸಿಕೊಂಡಿದ್ದೆವು! ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಒಂದೇ ಉಸಿರಿಗೆ ಊರು ಕೂಗುವುದನ್ನು ಕೇಳಿ ನೀನೇ ಅಂದೆ, "ಹೀಗೆ ಓದ್ಬೇಕು ಮಾರಾಯ್ತಿ ನಮ್ಮ ಮಕ್ಳು." ಮರುದಿನವೇ ಬೆಂಚುಗಳನ್ನು ಸಾಲಾಗಿಟ್ಟು ಬಸ್ಸು ಮಾಡಿದೆವು. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾನು ಚೀಟಿ ಬರೆದೆ. 'ಆನಂದಪುರದಲ್ಲಿ ಅಜ್ಜಿ ಇಳಿದರು.' 'ಹುಂಚದಲ್ಲಿ ಕೋಳಿ ಹತ್ತಿತು.' ಹೀಗೆ ಸಾಗರದಿಂದ ತೀರ್ಥಹಳ್ಳಿವರೆಗೆ. ಕಂಡಕ್ಟರ್ ಆದ ಮಗು ತಡವರಿಸದೆ ಓದಿದರೆ ಬಸ್ಸು ಮುಂದಿನ ಊರಿಗೆ, ತಡವರಿಸಿದರೆ ಪಂಕ್ಚರ್.

ಕುಮಾರನ ಮಗಳು ಬಿಂದುವಿನ ಬಸ್ಸು ಒಮ್ಮೆಯೂ ಪಂಕ್ಚರ್ ಆಗಲಿಲ್ಲ. ಕುಮಾರ ನಿಜವಾಗಿಯೂ ಕಂಡಕ್ಟರ್ ಅಲ್ಲವೇ, ರಕ್ತದಲ್ಲೇ ಬಂದಿದೆ ಅಂತ ನಗುತ್ತಿದ್ದೆವು. ಎರಡನೇ ಕ್ಲಾಸಿನ ಅರ್ಧ ವರ್ಷ ಬಾಯಿಯೇ ಬಿಡದ ಹುಡುಗಿ ಹೋದ ಫೆಬ್ರವರಿಯಲ್ಲಿ ತೀರ್ಥಹಳ್ಳಿಯ ಶಿಕ್ಷಕರ ಸಭೆಯಲ್ಲಿ ಹತ್ತು ಚೀಟಿಗಳನ್ನು ಪಟಪಟನೆ ಓದಿದಾಗ ನಾನು ಹಿಂದಿನ ಸಾಲಿನಲ್ಲಿ ಕೂತು ಅತ್ತೆ. ಆಮೇಲೆ ನೀನು ಬಂದು ನನ್ನ ಕೈ ಹಿಡಿದುಕೊಂಡೆ. ಆ ಸಭೆಯಿಂದಲೇ ನಿನ್ನನ್ನು ಸಾಗರಕ್ಕೆ, ಟೀಚರುಗಳಿಗೆ ತರಬೇತಿ ಕೊಡುವ ಕೆಲಸಕ್ಕೆ ಕರೆದರು. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಸುಷ್ಮಾ, ದೇವರಾಣೆಗೂ ಖುಷಿಯೇ ಆಯಿತು.

ಹೋದ ಬುಧವಾರ ಹರ್ಷವರ್ಧನ ಬಸ್ಸು ಇಳಿಯುವ ಗಡಿಬಿಡಿಯಲ್ಲಿ ಚೀಟಿ ಡಬ್ಬಿ ಬೀಳಿಸಿದ. ಹೆಕ್ಕಿ, ಜೋಡಿಸದೆ ಹಾಗೆಯೇ ಬಿಂದುವಿನ ಕೈಗಿಟ್ಟೆ. ಅವಳು ಮೇಲಿನ ಚೀಟಿ ಎತ್ತಿ, ಆನಂದಪುರದಲ್ಲಿ ಅಜ್ಜಿ ಇಳಿದರು ಎಂದಳು. ಚೀಟಿಯಲ್ಲಿದ್ದದ್ದು ಹುಂಚದ ಕೋಳಿ. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಮಕ್ಕಳು ಬಿದ್ದು ಬಿದ್ದು ನಕ್ಕರು. ಅವಳು ಡಬ್ಬಿ ಇಟ್ಟು ಬೆಂಚಿನ ಕೆಳಗೆ ಹೋಗಿ ಕೂತಳು.

ತಪ್ಪು ನನ್ನದೂ ಇದೆ. ಬಸ್ಸು ಎಂದ ಮೇಲೆ ಹುಂಚದ ಮೊದಲು ರಿಪ್ಪನ್‌ಪೇಟೆ ಬರಲೇಬೇಕು ಅಂತ ದಿನಾ ಚೀಟಿಗಳನ್ನು ರೂಟಿನ ಪ್ರಕಾರ ಜೋಡಿಸುತ್ತಿದ್ದವಳು ನಾನೇ. ಹುಟ್ಟಿದಾಗಿನಿಂದ ಅಪ್ಪನ ಬಸ್ಸಿನಲ್ಲಿ ಓಡಾಡಿದ ಮಗುವಿಗೆ ಊರುಗಳ ಸಾಲು ಬಾಯಿಪಾಠ. ಊರಿಗೊಂದು ವಾಕ್ಯ ಅಂಟಿಸಿಕೊಳ್ಳುವುದು ಏನು ಕಷ್ಟ? ವೇಗವನ್ನೇ ಓದು ಅಂದುಕೊಂಡು ಮೊಬೈಲಿನಲ್ಲಿ ಸೆಕೆಂಡು ನೋಡುತ್ತಾ ಕೂತಿದ್ದೆನಲ್ಲ, ನನ್ನ ಬುದ್ಧಿಗಿಷ್ಟು.

ಆದರೆ ನಿನಗೆ ಗೊತ್ತಿತ್ತು. ನಾನೂ ಬೆಂಚಿನ ಕೆಳಗೆ ತೂರಿ ಅವಳ ಪಕ್ಕ ಕೂತಾಗ ಬಿಂದು ಮೊದಲು ಹೇಳಿದ್ದೇ ಅದು: "ಸುಷ್ಮಾ ಟೀಚರ್‌ಗೆ ಗೊತ್ತು." ತೀರ್ಥಹಳ್ಳಿಗೆ ಹೋಗುವ ಮೊದಲು ನೀನು ಚೀಟಿ ಕಲೆಸಿ ಓದಿಸಿ ನೋಡಿದ್ದೆಯಂತೆ. ಬರುವುದಿಲ್ಲ ಅಂತ ತಿಳಿದ ಮೇಲೆ ಒಂದು ವಾರ ಊಟದ ಬಿಡುವಿನಲ್ಲಿ ಕೂರಿಸಿಕೊಂಡು ಹತ್ತು ವಾಕ್ಯಗಳನ್ನು ಕ್ರಮವಾಗಿ ಉರು ಹೊಡೆಸಿದ್ದೆಯಂತೆ. ಆ ವಾರ ನಾನು ನಿಮ್ಮಿಬ್ಬರಿಗೂ ಮಜ್ಜಿಗೆ ತಂದುಕೊಟ್ಟಿದ್ದೆ. ಪಾಪ, ಮಗುವಿಗೆ ಎಷ್ಟು ಕಷ್ಟಪಟ್ಟು ಓದಿಸುತ್ತಾಳೆ ಅಂದುಕೊಂಡು. ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ.

ಕುಮಾರನನ್ನು ಕರೆಸಿ ಎಲ್ಲ ಹೇಳಿದೆ. ಮಗಳು ಓದುತ್ತಾಳೆ ಅಂತ ಇಡೀ ಬಸ್ಸಿಗೆ ಸಾರಿದ್ದ ಮನುಷ್ಯ, "ಬರ್ಲಿಲ್ಲ ಅಂದ್ರೆ ಕಲ್ಸಿ ಟೀಚರೆ, ಬೈಬೇಡಿ ಅವ್ಳಿಗೆ" ಎಂದ. ಮಾರ್ಚ್ ಮುಗಿದರೆ ನಾಲ್ಕನೇ ಕ್ಲಾಸು. ಉಳಿದಿರುವುದು ನಾಲ್ಕು ತಿಂಗಳು.

ಆದ್ದರಿಂದ ನೀನು ಮೆಸೇಜಿನಲ್ಲಿ ಕೇಳಿದ ಹಾಗೆ ಶನಿವಾರ ಸಾಗರದ ನಿನ್ನ ತರಬೇತಿ ಕಾರ್ಯಕ್ರಮದಲ್ಲಿ ಓದಿ ತೋರಿಸಲು ಬಿಂದುವನ್ನು ಕಳಿಸುವುದಿಲ್ಲ. ಕಾರು ಕಳಿಸಬೇಡ. ಅಲ್ಲಿ ಬರುವ ಟೀಚರುಗಳಿಗೆ ಚೀಟಿ ಕಲೆಸಿಯೇ ಆಡಿಸಿ ಅಂತ ನೀನೇ ಬಾಯಿಬಿಟ್ಟು ಹೇಳು. ನೀನು ಹೇಳದಿದ್ದರೆ ನಾನು ಬಂದು ಹೇಳುತ್ತೇನೆ.

ನಮ್ಮ ಬಸ್ಸಿಗೆ ಈಗ ರೂಟೇ ಇಲ್ಲ. ತೀರ್ಥಹಳ್ಳಿ ಆದಮೇಲೆ ಆನಂದಪುರ ಬಂದರೆ ಮಕ್ಕಳಿಗೆ ಖುಷಿಯೋ ಖುಷಿ. ಬಿಂದು ಇನ್ನೂ ಹತ್ತಿಲ್ಲ. ಇವತ್ತು ನನ್ನ ಪಕ್ಕ ಕೂತು 'ಕೋಳಿ ಹತ್ತಿತು' ಎಂಬುದನ್ನು ಬೆರಳಿಟ್ಟು ನಿಜವಾಗಿ ಓದಿದಳು. ತುಂಬಾ ಹೊತ್ತು ಹಿಡಿಯಿತು. ನಾನು ಮೊಬೈಲ್ ನೋಡಲಿಲ್ಲ.

ನಿನಗೂ ಮನೆಯವರಿಗೂ ಒಳ್ಳೆಯದಾಗಲಿ. ಸಿಟ್ಟಿನಲ್ಲಿದ್ದರೂ ಇದನ್ನು ಮನಸಾರೆ ಬರೆದಿದ್ದೇನೆ.

ಇಂತಿ,
ಸುಚಿತ್ರಾ

ತಾ.ಕ.: ಒಂದು ಮಾತು ಬಿಟ್ಟಿದ್ದೆ. ಇಷ್ಟು ದಿನ ನನಗ್ಯಾಕೆ ಹೇಳಲಿಲ್ಲ ಪುಟ್ಟಿ ಅಂತ ಬಿಂದುವನ್ನು ಕೇಳಿದೆ. "ನಿಮ್ಗೆ ಗೊತ್ತಾದ್ರೆ ನನ್ನ ಮೇಲೆ ಪ್ರೀತಿ ಹೋಗ್ತದೆ ಅಂತ ಸುಷ್ಮಾ ಟೀಚರ್ ಹೇಳಿದ್ರು" ಎಂದಳು. ಆಮೇಲೆ ನನ್ನ ಸೆರಗು ಹಿಡಿದು, "ಈಗ ಹೋಯ್ತಾ ಟೀಚರ್?" ಅಂತ ಕೇಳಿದಳು. ಆರು ವರ್ಷ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದು, ಒಂದೇ ಬುತ್ತಿಯಲ್ಲಿ ಉಂಡು, ನೀನು ನನ್ನ ಬಗ್ಗೆ ತಿಳಿದುಕೊಂಡದ್ದು ಇಷ್ಟೇನಾ ಸುಷ್ಮಾ?